ಪೂಜೆಗೆ ಕೂರದ ಯಂತ್ರ

ಎಂ.ಬಿ.ಬಿ.ಎಸ್. ಎರಡನೆಯ ವರ್ಷದಲ್ಲಿದ್ದಾಗ ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ನಾನು ಬಿದ್ದೆ. ಕಂಬಿ ಹಿಡಿದು ನಿಂತವಳು ನಿಂತ ಹಾಗೆಯೇ ಬಿದ್ದೆನಂತೆ. ಅಂದು ಶ್ರಾವಣ ಸೋಮವಾರ. ಬಸ್ಸಿನ ಹೆಂಗಸರೆಲ್ಲ ಸೇರಿ ಇದು ಉಪವಾಸದ ನಿತ್ರಾಣವೆಂದು ತೀರ್ಪು ಕೊಟ್ಟು, ನನಗೆ ಎಚ್ಚರ ಬರುವುದರೊಳಗೆ ಬಾಯಿಗೆ ಬಾಳೆಹಣ್ಣು ಹಿಡಿದಿದ್ದರು. ಉಪವಾಸ ಇದ್ದವಳು ಅವ್ವ. ಭಾನುವಾರಕ್ಕೆಂದು ಹಾಸ್ಟೆಲಿನಿಂದ ಮನೆಗೆ ಬಂದಿದ್ದ ನಾನು ಮೂರು ಥಾಲಿಪೆಟ್ಟು ತಿಂದು, ಮೇಲೆ ಮೊಸರು ಕುಡಿದು ಬಸ್ಸು ಹತ್ತಿದ್ದೆ. ಮಂದಿಯ ಮುಂದೆ ಅದನ್ನು ಹೇಳಲು ನಾಚಿಕೆಯಾಗಿ ಬಾಳೆಹಣ್ಣನ್ನೂ ತಿಂದೆ.

ಕಾಲೇಜಿಗೆ ಹೊರಟವಳನ್ನು ಕಾಲೇಜಿನ ಆಸ್ಪತ್ರೆಯಲ್ಲೇ ಮಲಗಿಸಿದರು. ನಾಡಿ ಮೂವತ್ತರ ಆಸುಪಾಸಿನಲ್ಲಿ ತೂಕಡಿಸುತ್ತಿತ್ತು. ಹೃದಯದ ಮೇಲಿನ ಕೋಣೆಗಳು ಒಂದು ಲೆಕ್ಕದಲ್ಲಿ ಬಡಿಯುತ್ತಿದ್ದವು, ಕೆಳಗಿನವು ತಮ್ಮದೇ ಲೆಕ್ಕದಲ್ಲಿ. ನಡುವೆ ಮಾತುಕತೆಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಮಹಡಿಯ ಮೇಲೆ ಕಾಕಾನ ಸಂಸಾರ, ಕೆಳಗೆ ನಮ್ಮದು. ಪಾಲಾದ ಮೇಲೆ ಅಲ್ಲಿಯೂ ಹೀಗೇ ಇತ್ತು. ಹಾಗಾಗಿ ಅಪ್ಪನಿಗೆ ನನ್ನ ರೋಗ ಬೇಗ ಅರ್ಥವಾಯಿತು.

ಆ ಪಾಠವನ್ನು ನಾನು ಓದಿ ಹೆಚ್ಚು ದಿನ ಆಗಿರಲಿಲ್ಲ. ಈಗ ನಾನೇ ಪಾಠವಾದೆ. ನನ್ನ ವರ್ಗದವರು ಸ್ಟೆತಸ್ಕೋಪು ಹಿಡಿದು ಮಂಚದ ಸುತ್ತ ನಿಂತರು. ಪ್ರಾಧ್ಯಾಪಕರು ಕೇಸು ಹೇಳಲು ಹೇಳಿದಾಗ ನನ್ನ ಪಕ್ಕದ ಬೆಂಚಿನವಳು ನನ್ನ ವಯಸ್ಸನ್ನೇ ತಪ್ಪು ಹೇಳಿದಳು. ಮಲಗಿದಲ್ಲಿಂದಲೇ ತಿದ್ದಿದೆ. ರೋಗಿ ಮಾತನಾಡಬಾರದು ಎಂದು ಪ್ರಾಧ್ಯಾಪಕರು ಗದರಿದರು. ಅವತ್ತು ಕಲಿತ ಅಭ್ಯಾಸ ಇನ್ನೂ ಹೋಗಿಲ್ಲ: ನನ್ನ ಎದೆಯ ವಿಷಯ ಬಂದಾಗ ಯಾರದೋ ಕೇಸು ಹೇಳಿದಂತೆಯೇ ಹೇಳುತ್ತೇನೆ.

ಎಡಗಡೆ, ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಒಂದು ಲೋಹದ ಬಿಲ್ಲೆ ಕೂಡಿಸಿದರು. ಅದರಿಂದ ಹೊರಟ ತಂತಿ ರಕ್ತನಾಳದೊಳಗೆ ಹಾದು ಹೃದಯಕ್ಕೆ ಇಳಿದಿತ್ತು. ಪೇಸ್‌ಮೇಕರ್ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹೊಂದಲಿಲ್ಲ. ಎಲ್ಲರೂ ‘ಮಶೀನ’ ಎಂದರು.

ಮನೆ ಸಾಂಗ್ಲಿಯಲ್ಲಿ. ಅಪ್ಪನದು ಅರಿಶಿನದ ದಲಾಲಿಯ ಅಡತಿ ಅಂಗಡಿ. ಅರಿಶಿನದ ಕೊಂಬು ಮುರಿದು, ಮುರಿದ ಸದ್ದಿನ ಮೇಲೆ ಮಾಲು ಹೇಗಿದೆ ಎಂದು ಹೇಳುವ ಮನುಷ್ಯ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನ್ನ ಬೆನ್ನ ಮೇಲೆ ಮೆಲ್ಲಗೆ ಒಂದು ಗುದ್ದು ಹಾಕಿ, “ಮಾಲ ಛಲೋನ ಐತಿ” ಎಂದ. ಅವ್ವ ನಗಲಿಲ್ಲ. ಅವಳಿಗೆ ಕಾರಣ ಬೇಕಿತ್ತು. ಕಾರಣ ಆಗಲೇ ಸಿಕ್ಕಿಯೂ ಇತ್ತು. ನಮ್ಮದು ಲಿಂಗಾಯತ ಮನೆ. ಹುಟ್ಟಿದಾಗ ಕೊರಳಿಗೆ ಕಟ್ಟಿದ ಲಿಂಗ ಸಾಯುವತನಕ ಎದೆಯ ಮೇಲಿಂದ ಸರಿಯಬಾರದು. ಹಾಸ್ಟೆಲಿಗೆ ಹೋದ ಮೊದಲ ವಾರವೇ ನಾನದನ್ನು ತೆಗೆದು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಸಾಂಗ್ಲಿ–ಮಿರಜದ ನಡುವೆ ಬೇಕಾದಷ್ಟು ಬಸ್ಸು ಇರುವಾಗ ಹಾಸ್ಟೆಲು ಯಾಕೆಂದು ಮೊದಲೇ ಸಿಟ್ಟಾಗಿದ್ದವಳಿಗೆ ಇದು ಸಾಕಾಯಿತು.

“ಲಿಂಗಾ ತಗದ ಇಟ್ಟಿ, ಎದಿ ನಿಂತ್ತು. ಇನ್ನೇನ ಆಗಬೇಕಾಗಿತ್ತು?” ಎಂದಳು.

ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಬರೆದ ಕಾರಣಗಳ ಪೈಕಿ ಇದು ಇರಲಿಲ್ಲ. ಹಾಗೆಂದು ಹೇಳಿದೆ. ಅವ್ವ ಎರಡು ದಿನ ಮಾತು ಬಿಟ್ಟಳು. ಮೇಲೆ ಕಾಕಾ, ಕೆಳಗೆ ನಾವು, ಅದರಲ್ಲೂ ನಾನೂ ಅವ್ವನೂ ಬೇರೆ ಬೇರೆ.

ಅದೇ ವರ್ಷದ ಖಂಡೇನವಮಿ ನನಗೆ ಚೆನ್ನಾಗಿ ನೆನಪಿದೆ. ದಸರೆಯ ಹಿಂದಿನ ದಿನ ಅದು. ಬೇರೆ ಕಡೆ ಆಯುಧಪೂಜೆ ಎನ್ನುತ್ತಾರೆ. ಅಂಗಡಿಯವರ ಮನೆಯಲ್ಲಿ ಆಯುಧ ಎಲ್ಲಿಂದ ಬರಬೇಕು? ಅಂಗಡಿಯ ತಕ್ಕಡಿ, ಕಬ್ಬಿಣದ ತೂಕದ ಕಲ್ಲುಗಳು, ಚೀಲಕ್ಕೆ ಚುಚ್ಚಿ ಮಾಲು ತೆಗೆಯುವ ಕೊಳವೆ, ಮನೆಯ ಈಳಿಗೆ, ಮಿಕ್ಸರು, ಹೊಲಿಗೆ ಮಶೀನು — ದುಡಿಯುವ ಸಾಮಾನೆಲ್ಲ ತೊಳೆಸಿಕೊಂಡು ದೇವರ ಕೋಣೆಯ ಮುಂದೆ ಸಾಲಾಗಿ ಕೂರುತ್ತದೆ. ಅರಿಶಿನ, ಕುಂಕುಮ, ವಿಭೂತಿ, ಚೆಂಡುಹೂವು. ಒಮ್ಮೆ ಪೂಜೆಗೆ ಕೂತದ್ದನ್ನು ಮರುದಿನ ದಸರೆಯವರೆಗೆ ಯಾರೂ ಎತ್ತುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನದ ಸೂಟಿ. ಆ ದಿನ ನಮ್ಮಲ್ಲಿ ಕಾಯಿಪಲ್ಲೆ ಹೆಚ್ಚುವುದೂ ಇಲ್ಲ. ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾರೆ.

ಆಗ ಅಪ್ಪನ ತಾಯಿ, ನಮ್ಮ ಆಯಿ ಇನ್ನೂ ಇದ್ದಳು. ಸಾಲಿನಲ್ಲಿದ್ದ ಒಂದೊಂದಕ್ಕೂ ಕುಂಕುಮ ಹಚ್ಚುತ್ತ ಹೊಲಿಗೆ ಮಶೀನಿನವರೆಗೆ ಬಂದವಳು ನನ್ನ ಕಡೆ ತಿರುಗಿದಳು.

“ಬಾ ಇಲ್ಲೆ, ಕುಂದ್ರ. ಮ್ಯಾಲಿನ ಗುಂಡಿ ಬಿಚ್ಚ.”

“ಯಾಕ?”

“ನಿಂದೂ ಮಶೀನ ಹೌದಿಲ್ಲ?”

ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಮುಟ್ಟಬೇಡ ಎಂದೆ. ಆಯಿ ಗಾಯ ಬಿಟ್ಟು, ಬಿಲ್ಲೆ ಉಬ್ಬಿದ ಜಾಗದ ಪಕ್ಕದಲ್ಲಿ ಒಂದು ಬೆರಳು ಅರಿಶಿನ, ಒಂದು ಬೆರಳು ಕುಂಕುಮ ಇಟ್ಟಳು. ಚೆಂಡುಹೂವನ್ನು ಎಲ್ಲಿಡುವುದು ತಿಳಿಯದೆ ಕಿವಿಗೆ ಸಿಕ್ಕಿಸಿದಳು. ಆಮೇಲೆ ಅವಳಿಗೊಂದು ಅನುಮಾನ ಬಂತು.

“ಹಂಗಾರ ಇವತ್ತ ಇದಕ್ಕ ಸೂಟಿ ಇಲ್ಲೇನವಾ?”

“ಇದಕ್ಕ ಸೂಟಿ ಕೊಟ್ರ ನನಗ ಕಾಯಂ ಸೂಟಿ, ಆಯಿ.”

ಆಯಿ ನಕ್ಕಳು, ಅಪ್ಪನೂ ನಕ್ಕ. ಅವ್ವ ಎದ್ದು ಒಳಗೆ ಹೋದಳು. ಅಡಿಗೆ ಮನೆಯಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿದವು.

ಓದು ಮುಂದುವರಿಯಿತು. ಮಶೀನಿನ ಸುದ್ದಿ ಮನೆಯ ಹೊಸ್ತಿಲು ದಾಟಬಾರದೆಂಬುದು ಅವ್ವನ ಕಟ್ಟಪ್ಪಣೆ. ಕೂಡಿಬರುವ ವರ ತಪ್ಪಿಹೋಗಬಾರದಲ್ಲ. ನನ್ನ ರವಿಕೆಗಳ ಕೊರಳು ಎರಡು ಬೆರಳು ಮೇಲೇರಿತು. ದರ್ಜಿಗೆ ಅವ್ವ ಹೇಳಿದ ಕಾರಣ, ಹುಡುಗಿಗೆ ಶೀತದ ಮೈ. ಮುಂದೆ ಜತ್ತದ ಕಡೆಯ ಒಂದು ಮನೆತನದವರು ಕನ್ಯಾ ನೋಡಲು ಬಂದಾಗ, ಅವಲಕ್ಕಿಯ ತಾಟು ಇಡುತ್ತ ನಾನೇ ಹೇಳಿಬಿಟ್ಟೆ. ಅವರು ಅವಲಕ್ಕಿ ಪೂರ್ತಿ ತಿಂದು, ಚಹಾ ಕುಡಿದು, ಹೇಳಿ ಕಳಿಸುತ್ತೇವೆ ಎಂದು ಹೋದರು. ಹೇಳಿ ಕಳಿಸಲಿಲ್ಲ. ಮತ್ತೆ ಒಂದೆರಡು ಬಂದವು, ಆಮೇಲೆ ಬರುವುದು ನಿಂತಿತು. ಅದರ ದುಃಖ ನನಗೆ ಅಷ್ಟಾಗಿ ಆಗಲಿಲ್ಲ, ಅವ್ವನಿಗಾಯಿತು. ನನಗೆ ಬೇಕಾಗಿದ್ದುದು ಬೇರೆ.

ಇಂಟರ್ನ್‌ಶಿಪ್ಪಿನಲ್ಲಿ ಮೊದಲ ಸಲ ಅಪೆಂಡಿಕ್ಸಿನ ಆಪರೇಷನ್ನಿಗೆ ಕೈಜೋಡಿಸಲು ನಿಂತಿದ್ದೆ. ಮಾಡಿದ್ದು ಏನೂ ಇಲ್ಲ, ಕೊಂಡಿ ಹಿಡಿದು ಹೊಟ್ಟೆಯ ಗೋಡೆಯನ್ನು ಪಕ್ಕಕ್ಕೆ ಎಳೆದು ನಿಂತದ್ದಷ್ಟೇ. ಆದರೆ ಆ ಬೆಳಕು, ಬೇರೆಯವರ ಮೈಯೊಳಗಿನ ಬೆಚ್ಚಗಿನ ಹವೆ, ಒಬ್ಬರೂ ವ್ಯರ್ಥ ಮಾತನಾಡದ ಆ ಶಿಸ್ತು — ನಾನು ಇರಬೇಕಾದ ಜಾಗ ಇದೇ ಎಂದು ಖಚಿತವಾಯಿತು. ಸರ್ಜನ್ ಆಗಬೇಕೆಂದು ಅವತ್ತೇ ತೀರ್ಮಾನಿಸಿದೆ. ಬೇರೆ ಯಾವುದನ್ನೂ ನಾನು ಇಷ್ಟು ಆಸೆಪಟ್ಟಿಲ್ಲ.

ಅಡ್ಡ ಬಂದದ್ದು ಕಾಟರಿ. ಕರೆಂಟಿನಿಂದ ರಕ್ತನಾಳಗಳನ್ನು ಸುಟ್ಟು ರಕ್ತ ನಿಲ್ಲಿಸುವ, ಪೆನ್ನಿನಂಥ ಉಪಕರಣ ಅದು. ಕಾಲಿನಡಿಯ ಪೆಡಲು ಒತ್ತಿದರೆ ಕೆಲಸ ಮಾಡುತ್ತದೆ. ಅದಿಲ್ಲದೆ ಈ ಕಾಲದಲ್ಲಿ ಆಪರೇಷನ್ನು ನಡೆಯುವುದು ಅಪರೂಪ. ನನ್ನೊಳಗಿನ ಮಶೀನು ಹೃದಯಕ್ಕೆ ಕಿವಿಗೊಟ್ಟು ಕೂತಿರುತ್ತದೆ: ಹೃದಯ ತಾನಾಗಿ ಬಡಿದರೆ ಸುಮ್ಮನಿರುತ್ತದೆ, ಬಡಿಯದಿದ್ದರೆ ತಟ್ಟುತ್ತದೆ. ಕಾಟರಿಯ ಗದ್ದಲವನ್ನೇ ಹೃದಯದ ಬಡಿತವೆಂದು ತಿಳಿದು ಅದು ಸುಮ್ಮನಾದರೆ, ತಟ್ಟುವವರು ಯಾರೂ ಇರುವುದಿಲ್ಲ. ನಾನು ಬೀಳುತ್ತೇನೆ, ಅದೂ ತೆರೆದ ಹೊಟ್ಟೆಯ ಮೇಲೆ.

ಹೃದಯದ ಡಾಕ್ಟರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆಗಬಹುದು, ಆಗದೆಯೂ ಇರಬಹುದು, ಎಚ್ಚರಿಕೆಯಿಂದ ಇದ್ದರೆ ಏನೂ ಆಗಲಿಕ್ಕಿಲ್ಲ. ಅವ್ವನಿಗೆ ಇಂಥ ಗೊಂದಲ ಇರಲಿಲ್ಲ.

“ಕಾಚಿನ ಪಟ್ಟಿ ನೋಡ್ಕೊಂತ ಕುಂದ್ರೂ ಡಾಕ್ಟರಕಿ ಇರತೈತಂತಲ್ಲ, ಅದನ್ನ ಮಾಡ. ಕಣ್ಣಿಂದ ಮಾಡ. ಕರೆಂಟಿಂದ ಬ್ಯಾಡ.”

ಅವಳು ಹೇಳಿದ್ದು ಪೆಥಾಲಜಿ. ನಾನು ಸರ್ಜರಿಯನ್ನೇ ತೆಗೆದುಕೊಂಡೆ. ಆ ವರ್ಷ ಮೊದಲ ಸಂಬಳದಲ್ಲಿ ನನ್ನದೇ ಆದ ಕೆಲವು ಉಪಕರಣ ಕೊಂಡು, ಒಂದು ಸ್ಟೀಲಿನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ: ಕತ್ತರಿ, ಚಿಮಟಿಗೆ, ಸೂಜಿ ಹಿಡಿಯುವ ಇಕ್ಕಳ. ಖಂಡೇನವಮಿಗೆ ಅವನ್ನು ತಂದು ತಕ್ಕಡಿಯ ಪಕ್ಕದಲ್ಲಿ ಸಾಲಿಗೆ ಇಟ್ಟೆ. ಪೂಜೆಯಲ್ಲಿ ನನಗೆ ಅಷ್ಟು ನಂಬಿಕೆ ಇತ್ತೆಂದಲ್ಲ. ಅಂಗಡಿಯ ಕೊಳವೆಗೆ ಸಿಗುವ ಮರ್ಯಾದೆ ನನ್ನ ಇಕ್ಕಳಕ್ಕೂ ಸಿಗಲಿ ಎಂದಿತ್ತು. ಅವ್ವ ಬಂದು ಸಾಲನ್ನು ನೋಡಿದಳು. ಪೆಟ್ಟಿಗೆ ಎತ್ತಿ ಕಿಟಕಿಯಲ್ಲಿಟ್ಟಳು.

“ಇವು ನನ್ನ ಪೂಜ್ಯಾಗ ಬ್ಯಾಡ. ನಿನ್ನ ಜೀವಾ ತಗೊಳ್ಳೂವಕ್ಕ ನಾ ಅರಿಶಿಣಾ ಹಚ್ಚಂಗಿಲ್ಲ.”

ಮರುವರ್ಷವೂ ಇಟ್ಟೆ, ಮರುವರ್ಷವೂ ಕಿಟಕಿಗೆ ಹೋಯಿತು. ಮೂರನೆಯ ವರ್ಷ ನಾನೇ ಇಡಲಿಲ್ಲ. ಅವ್ವನ ಹಟ ನನಗೆ ಗೊತ್ತಿತ್ತು. ಅದೇ ಹಟ ನನ್ನಲ್ಲಿಯೂ ಇದ್ದುದರಿಂದ ಅದರ ಆಳವೂ ಗೊತ್ತಿತ್ತು.

ನಮ್ಮ ಯೂನಿಟ್ಟಿನ ಮುಖ್ಯಸ್ಥರು ಒರಟು ಮರಾಠಿಯ ದೊಡ್ಡ ಸರ್ಜನ್ನರು. ನಾನು ಸೇರಿದ ಹೊಸತರಲ್ಲೇ ನನ್ನ ವಿಷಯ ತಿಳಿದು ಮೊದಲು ಬೈದರು, ಆಮೇಲೆ ಯೋಚಿಸಿದರು. ಆಗಬಹುದು, ಆಗದಿರಬಹುದು ಎಂಬ ಮಾತೇ ತಮಗೆ ಬೇಡ, ಕಣ್ಣಾರೆ ನೋಡಿಬಿಡೋಣ ಎಂದರು. ಒಂದು ಭಾನುವಾರ ಖಾಲಿ ಥಿಯೇಟರಿಗೆ ಪೇಸ್‌ಮೇಕರಿನ ತಂತ್ರಜ್ಞನನ್ನು ಕರೆಸಿದರು. ಮಿರಜದ ಮಾರ್ಕೆಟ್ಟಿನಿಂದ ಮಟನ್ನಿನ ಒಂದು ತುಂಡು ತರಿಸಿದರು. ಜೀವಮಾನದಲ್ಲಿ ಮೊಟ್ಟೆಯನ್ನೂ ಮುಟ್ಟದ ಮನೆಯ ಹುಡುಗಿ ನಾನು, ಕೈಗವಸು ಹಾಕಿಕೊಂಡು ಆ ಮಾಂಸದ ಮುಂದೆ ನಿಂತೆ. ತಂತ್ರಜ್ಞ ನನ್ನ ಎದೆಯ ಮೇಲೆ ಅಂಗೈಯಷ್ಟು ಅಗಲದ ಒಂದು ಸಾಧನ ಇಟ್ಟ. ಪರದೆಯ ಮೇಲೆ ನನ್ನ ಬಡಿತದ ಗೆರೆ ಓಡತೊಡಗಿತು.

“ಒತ್ತು,” ಎಂದರು ಸರ್.

ಪೆಡಲು ಒತ್ತಿದೆ. ಮಾಂಸ ಚುಂಯ್ ಎಂದಿತು, ಹೊಗೆ ಎದ್ದಿತು. ಗೆರೆ ಅಲುಗಾಡಿತು, ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಹತ್ತಿರದಿಂದ, ದೂರದಿಂದ, ಕಾಟರಿಯ ವೈರು ಎಡಕ್ಕಿಟ್ಟು, ಬಲಕ್ಕಿಟ್ಟು. ವೈರು ಎದೆಯ ಮುಂದಿನಿಂದ ಹಾದಾಗ ಒಂದೊಂದು ಬಡಿತ ತಪ್ಪುತ್ತಿತ್ತು. ಬಲಗಡೆಯಿಂದ ತಂದು, ಬಿಟ್ಟು ಬಿಟ್ಟು ಒತ್ತಿದರೆ ಒಂದೂ ತಪ್ಪಲಿಲ್ಲ. ನಾನು ಗೆರೆಯನ್ನೇ ನೋಡುತ್ತಿದ್ದೆ. ಭಯವಾಗಿತ್ತೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ವಾಸನೆ ತಡೆಯಲಾಗಲಿಲ್ಲ ಎಂಬುದಷ್ಟೇ ನೆನಪಿದೆ. ಕೊನೆಗೆ ಸರ್ ನನ್ನ ನಿಯಮ ಹೇಳಿದರು: ವೈರು ಯಾವಾಗಲೂ ಬಲಗಡೆಯಿಂದ, ಒತ್ತುವುದು ಚುಟುಕಾಗಿ, ತಲೆ ತಿರುಗಿದರೆ ಮೊದಲು ಕಾಲು ಪೆಡಲಿನಿಂದ ಆಚೆ. ನಾಳೆ ಎಂಟಕ್ಕೆ ಬಾ ಎಂದು ಹೊರಟುಹೋದರು.

ಸಂಜೆ ಮನೆಗೆ ಹೋಗಿ ಖುಷಿಯಲ್ಲಿ ಎಲ್ಲವನ್ನೂ ಹೇಳಿದೆ. ಅವ್ವ ಕರೆಂಟಿನ ಮಾತು ಬಿಟ್ಟು ಮಟನ್ನಿನ ಮಾತು ಹಿಡಿದಳು. ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದಳು. ಕೊರಳ ಬಳಿ ಬರುವಾಗ ಮಾತ್ರ ಎಡಗಡೆ ಬಿಟ್ಟು ಬಲಗಡೆ ಸುರಿದಳು. ಅದಕ್ಕೆ ನೀರಿನಿಂದ ಏನೂ ಆಗುವುದಿಲ್ಲ ಎಂದು ನಾನು ಹತ್ತು ಸಲ ಹೇಳಿದ್ದೆ.

ವರ್ಷಗಳು ಹೋದವು. ಮಿರಜಕ್ಕೆ ಗಡಿಯಾಚೆಯಿಂದ, ಅಥಣಿ, ಜಮಖಂಡಿಯ ಕಡೆಯಿಂದ, ರೈಲಿನಲ್ಲಿ ರೋಗಿಗಳು ಬರುತ್ತಲೇ ಇರುತ್ತಾರೆ. ಅವರಿಗೆ ಮರಾಠಿ ಬಾರದು, ಇಲ್ಲಿನ ಬಹಳ ಡಾಕ್ಟರುಗಳಿಗೆ ಕನ್ನಡ ತಿಳಿದರೂ ಬಾಯಿಗೆ ಬಾರದು. ಹೀಗಾಗಿ ನಾನು ಎರಡೆರಡು ಕೆಲಸ ಮಾಡುತ್ತಿದ್ದೆ. ಒಮ್ಮೆ ಪಿತ್ತಕೋಶದ ಕಲ್ಲಿನ ಒಬ್ಬ ಮುದುಕಿ ಥಿಯೇಟರಿನ ಬಾಗಿಲಲ್ಲಿ ಕೂತುಬಿಟ್ಟಳು. ಕೊರಳಲ್ಲಿದ್ದ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ತೆಗೆಯಬೇಕೆಂದು ನರ್ಸು, ತೆಗೆಯುವುದಿಲ್ಲವೆಂದು ಮುದುಕಿ. ಕಾಟರಿ ಇರುವಲ್ಲಿ ಮೈಮೇಲೆ ಲೋಹ ಇರಬಾರದು. ಲಿಂಗ ಮೈಬಿಟ್ಟು ಸರಿಯಬಾರದು. ಇಬ್ಬರದೂ ಸರಿ. ನಾನು ಕರಡಿಗೆ ಬಿಚ್ಚಿ, ಬೆಳ್ಳಿಯನ್ನು ಮಗನ ಕೈಗೆ ಕೊಟ್ಟು, ಒಳಗಿನ ಲಿಂಗವನ್ನು ಅರಿವೆಯಲ್ಲಿ ಸುತ್ತಿ ಅವಳ ತೋಳಿಗೆ ಕಟ್ಟಿದೆ. ಹೊಲದಲ್ಲಿ ದುಡಿಯುವಾಗ ನಮ್ಮ ಆಯಿಯ ತವರಿನವರು ಹೀಗೇ ಕಟ್ಟಿಕೊಳ್ಳುತ್ತಿದ್ದರಂತೆ. ಮುದುಕಿ ನನ್ನ ಕೊರಳನ್ನೇ ನೋಡುತ್ತಿದ್ದಳು.

“ನೀವೂ ನಮ್ಮ ಪೈಕಿನ ಅದೀರಿ ಅಂದ್ರ ನಿಮ್ಮ ಕೊರಳಾಗ ಯಾಕ ಇಲ್ರಿ, ಬಾಯಾರ?”

“ನಂದು ಒಳಗ ಐತಿ, ಆಯಿ” ಎಂದೆ.

ಮುದುಕಿಗೆ ಸಮಾಧಾನವಾಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಹಾಗೆ ಅವ್ವ ಇಷ್ಟು ವರ್ಷ ನನ್ನ ಎದೆಯ ಮೇಲೆ ಏನನ್ನು ಹುಡುಕುತ್ತಿದ್ದಾಳೆ ಎಂದು ಕೈ ತೊಳೆಯುವಾಗ ಯೋಚಿಸಿದೆ. ಮನೆಯಲ್ಲಿ ಈ ಮಾತು ಹೇಳಿದ್ದರೆ ಮತ್ತೆ ನೀರು ಸುರಿಯುತ್ತಿದ್ದಳೋ ಏನೋ. ಹೇಳಲಿಲ್ಲ.

ನಡುವೆ ಒಮ್ಮೆ ಬ್ಯಾಟರಿ ಮುಗಿಯುತ್ತ ಬಂದು ಬಿಲ್ಲೆ ಬದಲಿಸಿದ್ದರು; ತಂತಿ ಹಳೆಯದೇ ಉಳಿದಿತ್ತು. ಆಯಿ ತೀರಿಕೊಂಡಳು. ಅಪ್ಪ ಹಿತ್ತಾಳೆಯ ತಕ್ಕಡಿ ಅಟ್ಟಕ್ಕೆ ಹಾಕಿ ಎಲೆಕ್ಟ್ರಾನಿಕ್ ಕಾಟಾ ತಂದ. ಖಂಡೇನವಮಿಯ ದಿನ ಮಾತ್ರ ಹಳೆಯ ತಕ್ಕಡಿ ಕೆಳಗಿಳಿಯುತ್ತಿತ್ತು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಲಿಂಗನೂರಿನ ರೈತರೊಬ್ಬರಿಗೆ ಹರ್ನಿಯಾದ ಆಪರೇಷನ್ನು ಮಾಡುತ್ತಿದ್ದೆ. ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲದ ಕೆಲಸ. ವೈರು ಬಲಗಡೆಯೇ ಇತ್ತು. ರಕ್ತ ಒಸರುತ್ತಿದ್ದ ಒಂದು ಕಡೆ ಕಾಟರಿ ತುಸು ಹೆಚ್ಚು ಹೊತ್ತು ಹಿಡಿದೆ. ಕಣ್ಣಿನ ಅಂಚಿನಿಂದ ಕತ್ತಲೆ ಒಳಗೆ ಬಂತು. ಸಾಂಗ್ಲಿಯ ಬಸ್ಸಿನಲ್ಲಿ ಬಂದದ್ದೂ ಹೀಗೆಯೇ. ತಕ್ಷಣ ಗುರುತು ಹಿಡಿದೆ. ಸರ್ ಹೇಳಿದ್ದನ್ನು ಕಾಲು ತಾನೇ ಮಾಡಿತು, ಪೆಡಲಿನಿಂದ ಆಚೆ ಸರಿಯಿತು. ಬೆಳಕು ಮರಳಿತು. ಎದುರಿಗಿದ್ದ ಕಿರಿಯ ಸರ್ಜನ್ನಿಗೆ ಮುಂದಿನದನ್ನು ಮುಗಿಸಲು ಹೇಳಿ, ಕೈಗವಸು ಬಿಚ್ಚಿ ಹೊರಗೆ ಬಂದು ಗೋಡೆಗೆ ಒರಗಿ ಕೂತೆ. ರೈತರಿಗೆ ಏನೂ ಆಗಲಿಲ್ಲ. ಅವರಿಗೆ ಈ ಕಥೆ ಗೊತ್ತೂ ಇಲ್ಲ.

ಎದೆಯೊಳಗಿನ ಹಳೆಯ ತಂತಿಯ ಹೊದಿಕೆ ಸವೆದಿತ್ತು. ಇಲ್ಲದ ಸದ್ದನ್ನೆಲ್ಲ ಅದು ಹೆಕ್ಕಿಕೊಳ್ಳುತ್ತಿತ್ತು. ಹೊಸ ತಂತಿ, ಹೊಸ ಬಿಲ್ಲೆ ಹಾಕಿದರು. ಹಳೆಯ ಬಿಲ್ಲೆಯನ್ನು ನಾನು ಕೇಳಿ ಇಸಿದುಕೊಂಡೆ. ಪರೀಕ್ಷೆಗಳೆಲ್ಲ ಮುಗಿದು ವರದಿ ಬರುವವರೆಗೆ ಥಿಯೇಟರಿಗೆ ಕಾಲಿಡುವಂತಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಅವ್ವ ಮಂಚದ ಪಕ್ಕದಲ್ಲಿ ಕೂತಿದ್ದಳು. ಎಪ್ಪತ್ತು ದಾಟಿದವಳು, ಎರಡು ರಾತ್ರಿ ಕುರ್ಚಿಯಲ್ಲೇ ಕಳೆದಿದ್ದಳು.

“ಇನ್ನ ಸಾಕ ಮಾಡ,” ಎಂದಳು.

“ಸಾಕ ಮಾಡಿ ನಾ ಏನ ಮಾಡ್ಲಿ?”

“ಬದುಕ.”

“ಅದನ್ನ ಮಾಡಾಕತ್ತಿದ್ದೆ, ಅವ್ವಾ.”

ಅವ್ವ ಹೊದಿಕೆಯನ್ನು ನನ್ನ ಕೊರಳವರೆಗೆ ಎಳೆದಳು.

ಹೊರರೋಗಿಗಳನ್ನು ನೋಡುವ ಕೆಲಸ ಮಾತ್ರ ಉಳಿಯಿತು. ಪರೀಕ್ಷಿಸುತ್ತಿದ್ದೆ, ಆಪರೇಷನ್ನು ಬೇಕೆಂದು ಹೇಳುತ್ತಿದ್ದೆ. “ನೀವನ ಮಾಡ್ತೀರಿ ಹೌದಿಲ್ರಿ?” ಎಂದು ಕೇಳಿದಾಗ ಬೇರೆಯವರ ಕೋಣೆ ತೋರಿಸುತ್ತಿದ್ದೆ. ಸಾವಿನ ಭಯ ನನಗೆ ಆ ದಿನಗಳಲ್ಲಿ ಇರಲಿಲ್ಲ, ಅದನ್ನು ಹತ್ತೊಂಬತ್ತಕ್ಕೇ ನೋಡಿ ಮುಗಿಸಿದ್ದೆ. ಥಿಯೇಟರಿನ ಬಾಗಿಲ ಹೊರಗೆ ಇನ್ನು ಇಪ್ಪತ್ತು ವರ್ಷ ನಿಲ್ಲಬೇಕಾದೀತು ಎಂಬುದಕ್ಕೆ ಹೆದರಿದ್ದೆ. ನವರಾತ್ರಿಯ ಹೊತ್ತಿಗೆ ವರದಿ ಬಂತು: ಅಡ್ಡಿಯಿಲ್ಲ. ಆಗ ಇನ್ನೊಂದು ಗೊತ್ತಾಯಿತು. ಕಾಗದ ಬಂದಿತ್ತು, ಧೈರ್ಯ ಬಂದಿರಲಿಲ್ಲ. ತೆರೆದ ಹೊಟ್ಟೆಯ ಮೇಲೆ ಕತ್ತಲೆ ಬಂದದ್ದನ್ನು ಕಾಲು ಮರೆತಿರಲಿಲ್ಲ. ದಸರೆ ಮುಗಿಯಲಿ, ದೀಪಾವಳಿ ಮುಗಿಯಲಿ ಎಂದು ನನಗೆ ನಾನೇ ವಾಯಿದೆ ಹಾಕಿಕೊಳ್ಳುತ್ತಿದ್ದೆ. ಪೆಟ್ಟಿಗೆಯೂ ಹಳೆಯ ಬಿಲ್ಲೆಯೂ ಕೀಲಿ ಹಾಕಿದ ಕಪಾಟಿನೊಳಗಿದ್ದವು.

ಖಂಡೇನವಮಿಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ ಸಾಲು ಕೂತಿತ್ತು. ತಕ್ಕಡಿ, ಕಲ್ಲು, ಕೊಳವೆ, ಮಿಕ್ಸರು. ತಕ್ಕಡಿಯ ಪಕ್ಕದಲ್ಲಿ ಸಣ್ಣ ಬಟ್ಟಲಿನಲ್ಲಿ ನನ್ನ ಹಳೆಯ ಬಿಲ್ಲೆ, ಅದರ ಮೇಲೊಂದು ಚೆಂಡುಹೂವು. ಅದರ ಪಕ್ಕದಲ್ಲಿ ನನ್ನ ಸ್ಟೀಲಿನ ಪೆಟ್ಟಿಗೆ, ಮುಚ್ಚಳ ತೆರೆದು. ಕತ್ತರಿ, ಚಿಮಟಿಗೆ, ಇಕ್ಕಳ, ಎಲ್ಲಕ್ಕೂ ಅರಿಶಿನ ಕುಂಕುಮ ಬಿದ್ದಿತ್ತು. ಕಪಾಟಿನ ಕೀಲಿ ಅವ್ವನಿಗೆ ಎಲ್ಲಿ ಸಿಕ್ಕಿತೋ. ಅವಳು ನನ್ನ ಕಡೆ ನೋಡದೆ ಬತ್ತಿ ಹೊಸೆಯುತ್ತ ಕೂತಿದ್ದಳು.

ಮಧ್ಯಾಹ್ನ ಹೋಳಿಗೆಯ ಊಟಕ್ಕೆ ಕೂರುವಾಗ ಮಿರಜದ ಒಂದು ಸಣ್ಣ ಆಸ್ಪತ್ರೆಯಿಂದ ಫೋನು ಬಂತು. ಬೇಡಗ ಹಳ್ಳಿಯ ಒಬ್ಬ ಹೆಂಗಸು, ಕರುಳು ಹರ್ನಿಯಾದಲ್ಲಿ ಸಿಕ್ಕಿಬಿದ್ದಿದೆ, ಹಬ್ಬಕ್ಕೆಂದು ಸರ್ಜನ್ನರೆಲ್ಲ ಊರು ಬಿಟ್ಟಿದ್ದಾರೆ, ನೀವು ಬರುತ್ತೀರಾ, ಬರುವಾಗ ನಿಮ್ಮ ಪೆಟ್ಟಿಗೆ ತನ್ನಿ.

ಡಾಕ್ಟರರ ರೂಢಿಯಂತೆ ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಆ ಹೆಂಗಸು ಬದುಕಿದಳು. ಒಂದು ಗೇಣು ಕರುಳು ಕತ್ತರಿಸಬೇಕಾಯಿತು. ವಾರದೊಳಗೆ ಊರಿಗೆ ಹೋಗಿ, ಮುಂದೆ ಹೊಲದ ಸೌತೆಕಾಯಿ ಕಳಿಸಿಕೊಟ್ಟಳು. ವೈರು ಬಲಗಡೆಯಿಂದಲೇ ಬಂತು, ಕಾಲು ಹೇಳಿದ ಹಾಗೆ ಕೇಳಿತು. ಉಪಕರಣಗಳನ್ನು ಕುದಿಸುವ ಮೊದಲು ನರ್ಸು ಇಕ್ಕಳದ ಹಲ್ಲಿನಲ್ಲಿ ಹಳದಿ ಕಂಡು ಇದೇನೆಂದು ಕೇಳಿದಳು, ಬ್ರಷ್ಷಿನಿಂದ ಎರಡೆರಡು ಸಲ ತಿಕ್ಕಿದಳು. ಆ ನಂತರ ಇವತ್ತಿನವರೆಗೆ ನಾನು ಆ ಮೇಜಿನ ಮುಂದೆಯೇ ನಿಂತಿದ್ದೇನೆ.

ಆದರೆ ಫೋನು ಬಂದಾಗ ನಾನು ತಾಟಿನ ಮುಂದಿನಿಂದ ಏಳಲಿಲ್ಲ. ಕಾಲು ತಣ್ಣಗಾಗಿತ್ತು. ಅಪ್ಪ ಏನೆಂದು ಕೇಳಿದ, ಹೇಳಿದೆ. ಅವ್ವ ಹೋಳಿಗೆ ಬಡಿಸುತ್ತಿದ್ದವಳು ನಿಂತಳು. ಜೀವನದಲ್ಲಿ ಒಂದು ದಿನವೂ ಪೂಜೆಯ ನಿಯಮ ಪಾಲಿಸದ ನಾನು ಆಗ ಹೇಳಿದ ಮಾತು ಇದು:

“ಪೆಟಗಿ ಪೂಜಿಗಿ ಕುಂತೈತಲ್ಲ. ಎತ್ತಬಾರದು.”

ಅಪ್ಪ ತಲೆಯಾಡಿಸಿದ. ಅವನ ಅಂಗಡಿಯಲ್ಲಿ ಎಂಥ ಗಿರಾಕಿ ಬಂದರೂ ಅವತ್ತು ತಕ್ಕಡಿ ಎತ್ತಿದ್ದಿಲ್ಲ. ಅವ್ವ ನನ್ನ ಮುಖವನ್ನು ನೋಡಿದಳು. ಬಸ್ಸಿನಲ್ಲಿ ಬಿದ್ದ ದಿನದಿಂದ ಅವಳು ನನ್ನ ಎದೆಯನ್ನು ನೋಡುತ್ತಿದ್ದಳೇ ಹೊರತು ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಹೋಳಿಗೆಯ ಬುಟ್ಟಿ ಕೆಳಗಿಟ್ಟು, ಕೈ ತೊಳೆದುಕೊಂಡು, ದೇವರ ಕೋಣೆಯ ಮುಂದೆ ಹೋಗಿ ಬಗ್ಗಿದಳು. ಪೆಟ್ಟಿಗೆಯೊಳಗಿನ ಒಂದೊಂದನ್ನೂ ಸೆರಗಿನಿಂದ ಒರೆಸಿದಳು. ಮುಚ್ಚಳ ಹಾಕಿ ತಂದು ನನ್ನ ತಾಟಿನ ಪಕ್ಕದಲ್ಲಿಟ್ಟಳು.

“ಎದ್ಯಾಗಿಂದು ಇವತ್ತೂ ದುಡ್ಯಾಕತ್ತೈತಿ. ಇವಕ್ಕ ಯಾಕ ಸೂಟಿ? ಏಳ.”

ನಾನು ಎದ್ದೆ. ಬಟ್ಟಲಿನಲ್ಲಿದ್ದ ಹಳೆಯ ಬಿಲ್ಲೆಯನ್ನು ಮಾತ್ರ ಯಾರೂ ಎತ್ತಲಿಲ್ಲ.